ಅಂಗೈ ಗಣಕ ಮತ್ತು ಲಿನಕ್ಸ್: ಮಾಹಿತಿಯ ಹೊಂದಾಣಿಕೆ

ಮಾಟುಂಗದ ಸಂಘವೊಂದರ ಕಾರ್ಯದರ್ಶಿಗಳು ಸದಸ್ಯರೆಲ್ಲರ ವಿಳಾಸಗಳನ್ನು ಪಾಮ್ ಎಂಬ ಅಂಗೈ ಗಣಕದಲ್ಲಿ ಬರೆದಿಟ್ಟಿದ್ದಾರೆಂದು ಭಾವಿಸೋಣ. 1996ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಈ ಸಾಧನದ ತಯಾರಿಕೆ ನಿಂತು ವರ್ಷಗಳು ಸಂದಿವೆ. ವಿಳಾಸಗಳು ಮಾತ್ರ ಇನ್ನೂ ಅದರೊಳಗೇ ಉಳಿದಿವೆ. ಮೊದಲ ಮಾದರಿಗಳ ಸ್ಮೃತಿಯು ಎರಡು ಸಣ್ಣ ಬ್ಯಾಟರಿಗಳ ಬಲದಿಂದಲೇ ಜೀವಂತವಾಗಿರುತ್ತದೆ. ಬ್ಯಾಟರಿ ಬರಿದಾದರೆ ಬರೆದುದೆಲ್ಲವೂ ಅಳಿಸಿಹೋಗುತ್ತದೆ. ಆದುದರಿಂದ ಅದನ್ನು ಗಣಕಯಂತ್ರಕ್ಕೆ ಜೋಡಿಸುವುದು ಕೇವಲ ಅನುಕೂಲದ ಮಾತಲ್ಲ.

ಹೊಂದಾಣಿಕೆಯೆಂದರೆ ನಕಲು ಮಾಡುವುದೆಂಬ ತಪ್ಪು ತಿಳಿವಳಿಕೆ ಸಾಮಾನ್ಯ. ಅಂಗೈ ಗಣಕದಲ್ಲಿ ಪ್ರತಿಯೊಂದು ವಿಳಾಸಕ್ಕೂ ಒಂದು ಪ್ರತ್ಯೇಕ ಸಂಖ್ಯೆ ಇರುತ್ತದೆ. ವಿಳಾಸವನ್ನು ತಿದ್ದಿದಾಗ ಅದಕ್ಕೊಂದು ಗುರುತು ಬೀಳುತ್ತದೆ. ಕಳೆದ ಸಲವೂ ಅದೇ ಗಣಕಯಂತ್ರದೊಡನೆ ಹೊಂದಾಣಿಕೆ ನಡೆದಿದ್ದರೆ ಗುರುತು ಬಿದ್ದವುಗಳನ್ನು ಮಾತ್ರ ಸಾಗಿಸಿದರೆ ಸಾಕು. ನಡುವೆ ಬೇರೊಂದು ಯಂತ್ರಕ್ಕೆ ಜೋಡಿಸಿದ್ದರೆ, ಉದಾಹರಣೆಗೆ ಮನೆಯಲ್ಲೊಂದು, ಫೋರ್ಟಿನ ಕಚೇರಿಯಲ್ಲೊಂದು ಇದ್ದರೆ, ಆ ಗುರುತುಗಳನ್ನು ನಂಬಲಾಗದು. ಎರಡೂ ಕಡೆಯ ವಿಳಾಸಗಳನ್ನು ಒಂದೊಂದಾಗಿ ಹೋಲಿಸಬೇಕಾಗುತ್ತದೆ. ಹೆಸರುಗಳು ಇಮ್ಮಡಿಯಾಗಿ ಕಾಣಿಸಿಕೊಳ್ಳುವ ತೊಂದರೆಗೆ ಬಹುಮಟ್ಟಿಗೆ ಇಂತಹ ಸಂದರ್ಭವೇ ಕಾರಣ.

ತಯಾರಕರು ಒದಗಿಸಿದ ತಂತ್ರಾಂಶವು ವಿಂಡೋಸ್ ಮತ್ತು ಮ್ಯಾಕಿಂಟಾಷ್ ಗಣಕಗಳಿಗೆ ಮೀಸಲಾಗಿತ್ತು. ಲಿನಕ್ಸ್ ಬಳಸುವವರಿಗಾಗಿ ಸ್ವಯಂಪ್ರೇರಿತ ತಂತ್ರಜ್ಞರು ಪೈಲಟ್-ಲಿಂಕ್ ಎಂಬ ಉಪಕರಣಗಳನ್ನು ರಚಿಸಿದರು. ಅದನ್ನು ಆಧರಿಸಿದ ಜೆ-ಪೈಲಟ್ ತಂತ್ರಾಂಶವು ವಿಳಾಸ, ದಿನಚರಿಗಳನ್ನು ಪರದೆಯ ಮೇಲೆ ತೋರಿಸುತ್ತದೆ. ಹಳೆಯ ಪೀಠದ ತಂತಿಯು ಒಂಬತ್ತು ಸೂಜಿಗಳ ಸೀರಿಯಲ್ ಪೋರ್ಟಿಗೆ ಸೇರುವಂತಹದು. ಇಂದಿನ ಗಣಕಗಳಲ್ಲಿ ಈ ಪೋರ್ಟ್ ಅಪರೂಪವಾದುದರಿಂದ ಗ್ರಾಂಟ್ ರೋಡ್ ನಿಲ್ದಾಣದ ಬಳಿಯ ಲ್ಯಾಮಿಂಗ್ಟನ್ ರಸ್ತೆಯಂತಹ ಪೇಟೆಯಲ್ಲಿ ಯುಎಸ್‌ಬಿ ಪರಿವರ್ತಕ ತಂತಿಯನ್ನು ಕೊಳ್ಳಬೇಕಾದೀತು.

ಹಲವರು ಎಡವುವುದು ಕ್ರಮದಲ್ಲಿ. ಸೀರಿಯಲ್ ಪೀಠವಾದರೆ ಮೊದಲು ತಂತ್ರಾಂಶವನ್ನು ಕಾಯುವ ಸ್ಥಿತಿಗೆ ತಂದು, ಬಳಿಕ ಪೀಠದ ಗುಂಡಿಯನ್ನು ಒತ್ತಬೇಕು. ಯುಎಸ್‌ಬಿ ಪೀಠವಾದರೆ ಗುಂಡಿ ಒತ್ತಿದ ಮೇಲೆಯೇ ಲಿನಕ್ಸಿಗೆ ಸಾಧನವು ಕಾಣುವುದು. ಆದುದರಿಂದ ಕ್ರಮ ತಿರುಗುಮುರುಗು. ಆಗ ಸಾಮಾನ್ಯವಾಗಿ ಎರಡು ದ್ವಾರಗಳು ತೋರುತ್ತವೆ, ಮಾಹಿತಿ ಹರಿಯುವುದು ಬಹುತೇಕ ಎರಡನೆಯದರಲ್ಲಿ. ಎಲ್ಲವೂ ಸರಿಯಿದ್ದೂ ಸಂಪರ್ಕ ದೊರೆಯದಿದ್ದರೆ, ಬಳಕೆದಾರರಿಗೆ ಆ ದ್ವಾರವನ್ನು ತೆರೆಯುವ ಅನುಮತಿ ಇದೆಯೇ ಎಂದು ನೋಡಬೇಕು. ಡೆಬಿಯನ್ ಬಗೆಯ ಲಿನಕ್ಸ್‌ನಲ್ಲಿ ಬಳಕೆದಾರರನ್ನು 'ಡಯಲ್‌ಔಟ್' ಗುಂಪಿಗೆ ಸೇರಿಸಿದರೆ ಇದು ಪರಿಹಾರವಾಗುತ್ತದೆ.

ಮೊದಲ ದಿನ ಹೊಂದಾಣಿಕೆಗೆ ಕೈಹಾಕದೆ, ಪೂರ್ಣ ಪ್ರತಿಯೊಂದನ್ನು ತೆಗೆದಿಡುವುದು ಕ್ಷೇಮ. ಪೈಲಟ್-ಲಿಂಕ್‌ನಲ್ಲಿ ಇದಕ್ಕೆ ಪ್ರತ್ಯೇಕ ಆಜ್ಞೆಯಿದೆ. ಪಾಮ್‌ನಲ್ಲಿ ಕನ್ನಡ ಲಿಪಿ ಇರಲಿಲ್ಲವಾಗಿ ಹೆಸರುಗಳು ರೋಮನ್ ಅಕ್ಷರಗಳಲ್ಲಿಯೇ ಸಿಗುತ್ತವೆ. 2001ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಸಿಂಪ್ಯೂಟರ್ ಲಿನಕ್ಸ್‌ನಿಂದಲೇ ನಡೆಯುತ್ತಿತ್ತು, ಕನ್ನಡವನ್ನೂ ಬಲ್ಲದಾಗಿತ್ತು. ಆದರೆ ಅದು ಮನೆಮನೆಗೆ ತಲುಪಲಿಲ್ಲ. ಪ್ರತಿ ಕೈಸೇರಿದ ಬಳಿಕ ಜೆ-ಪೈಲಟ್‌ನಿಂದ ವಿಳಾಸಗಳನ್ನು ವಿ-ಕಾರ್ಡ್ ಕಡತವಾಗಿ ಹೊರತೆಗೆದರೆ, ಇಂದಿನ ಮೊಬೈಲ್ ದೂರವಾಣಿಯೂ ಅವನ್ನು ಸ್ವೀಕರಿಸುತ್ತದೆ.