ನಾಟಿ ಯಂತ್ರಕ್ಕೆ ಐದು ಪ್ರಶ್ನೆ



ಉದ್ಯಾವರದ ಬೈಲಿಗೆ ನಾಟಿ ಯಂತ್ರ ಇಳಿದರೆ ಹುಣಿಯ ಮೇಲೆ ಎರಡು ಬಗೆಯ ಮಾತು ಹುಟ್ಟುತ್ತದೆ. "ನಮ್ಮ ಗದ್ದೆಗೆ ಇದು ಆಗಲಿಕ್ಕಿಲ್ಲ" ಎಂಬುದು ಒಂದು, "ಇದು ನೆಡುವುದು ಹೇಗೆ?" ಎಂಬುದು ಇನ್ನೊಂದು. ಮೊದಲ ಮಾತಿಗೆ ಕಲಿಕೆ ನಿಲ್ಲುತ್ತದೆ, ಎರಡನೆಯದಕ್ಕೆ ತೊಡಗುತ್ತದೆ.

1953ರಲ್ಲಿ ದೇಶದಲ್ಲೆಲ್ಲ ಜಪಾನ್ ಪದ್ಧತಿಯ ಭತ್ತದ ಬೇಸಾಯದ ಪ್ರಚಾರ ನಡೆಯಿತು. ಎತ್ತರದ ಪಾತಿಯಲ್ಲಿ ನೇಜಿ, ಹಗ್ಗ ಹಿಡಿದು ಸಾಲುನಾಟಿ, ಸಾಲಿನ ನಡುವೆ ಕಳೆ ತೆಗೆಯುವ ಉಪಕರಣ, ಇವನ್ನು ಅಂದು ಕಲಿಸಲಾಯಿತು. ಇಂದಿನ ಯಂತ್ರ ನೆಡುವುದೂ ಸಾಲಿನಲ್ಲೇ. ಆದುದರಿಂದ ಹೆದರದೆ ಹೀಗೆ ಕೇಳಿರಿ:

1. ಎಂಥ ನೇಜಿ ಬೇಕು? ಕಿತ್ತು ಕಟ್ಟಿದ ನೇಜಿ ಸಲ್ಲದು. ತಟ್ಟೆಯಲ್ಲಿ ಮಣ್ಣನ್ನು ತೆಳುವಾಗಿ ಹರಡಿ ಬೆಳೆಸಿದ, 15ರಿಂದ 18 ದಿನಗಳ ಚಾಪೆ ನೇಜಿ ಬೇಕು.

2. ಗದ್ದೆ ಹೇಗಿರಬೇಕು? ಸಮತಟ್ಟಾಗಿರಬೇಕು. ಉತ್ತ ಮೇಲೆ ಒಂದೆರಡು ದಿನ ಕೆಸರು ತಂಗಬೇಕು. ನೀರು ಒಂದು ಅಂಗುಲದಷ್ಟು ಸಾಕು.

3. ಎಲ್ಲಿ ಆಗದು? ಆಳವಾಗಿ ಹುಗಿಯುವ ಕೆಸರಿನಲ್ಲಿ ಯಂತ್ರ ಸಿಕ್ಕಿಕೊಳ್ಳುತ್ತದೆ. ಹೊಳೆಯ ನೆರೆ ನಿಲ್ಲುವ ತಗ್ಗಿನಲ್ಲಿ ಎಳೆಯ ನೇಜಿ ಮುಳುಗುತ್ತದೆ. ಅಲ್ಲಿ ಬಲಿತ ನೇಜಿಯ ಕೈನಾಟಿಯೇ ಮೇಲು.

4. ಖರ್ಚೆಷ್ಟು? ಬಾಡಿಗೆ, ತಟ್ಟೆ, ಬೀಜ, ಮೂಲೆಗಳಲ್ಲಿ ನೆಡುವವರ ಕೂಲಿ ಒಂದು ಕಡೆ ಬರೆಯಿರಿ. ಕೈನಾಟಿಯ ಕೂಲಿ, ಊಟ, ಆಳಿಗಾಗಿ ಕಾದು ತಡವಾದ ದಿನಗಳು ಇನ್ನೊಂದು ಕಡೆ.

5. ಯಾರ ಕೆಲಸ ಹೋಗುತ್ತದೆ? ಇದನ್ನು ಮುಚ್ಚಿಡಬಾರದು. ನೇಜಿ ನೆಡುವ ಹೆಂಗಸರ ಕೂಲಿಯ ದಿನಗಳು ಕಡಮೆಯಾಗುತ್ತವೆ. ಅವರ ಸಂಶಯ ಮೂಢತನವಲ್ಲ. ಆದರೆ ಚಾಪೆ ನೇಜಿ ಬೆಳೆಸುವುದು, ಬಿಟ್ಟುಹೋದ ಎಡೆಯಲ್ಲಿ ನೆಡುವುದು, ಯಂತ್ರ ನಡೆಸುವುದು, ಇವೂ ಕೂಲಿ ತರುವ ಕೆಲಸಗಳೇ. ನೇಜಿಯ ಗುಣವನ್ನು ಅವರಷ್ಟು ಬಲ್ಲವರು ಯಾರು? ತರಬೇತಿ ನಡೆದಾಗ ಮೊದಲು ಕರೆಯಬೇಕಾದದ್ದು ಅವರನ್ನು. ಕರೆಯದಿದ್ದರೆ ತಾವೇ ಹೋಗಿ ಕೇಳಬೇಕು.

ಮಾಡಿ ನೋಡುವ ಪಾಠ: ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ. ಬರುವ ಏಣೆಲು ಬೆಳೆಗೆ ಒಂದೇ ಗದ್ದೆಯನ್ನು ಎರಡು ಪಾಲು ಮಾಡಿ, ಒಂದರಲ್ಲಿ ಯಂತ್ರದಿಂದ, ಇನ್ನೊಂದರಲ್ಲಿ ಕೈಯಿಂದ ನೆಡಿಸಿರಿ. ಬೀಜದ ತಳಿ, ಗೊಬ್ಬರ ಎರಡಕ್ಕೂ ಒಂದೇ ಇರಲಿ. ಖರ್ಚನ್ನು ಪುಸ್ತಕದಲ್ಲಿ ಬರೆದಿಟ್ಟು, ಕೊಯ್ಲಾದ ಮೇಲೆ ಎರಡೂ ಪಾಲಿನ ಭತ್ತವನ್ನು ಬೇರೆ ಬೇರೆ ತೂಗಿರಿ. ಬೇಕೋ ಬೇಡವೋ ಎಂಬುದನ್ನು ಆ ಲೆಕ್ಕ ನೋಡಿ ತಾವೇ ತೀರ್ಮಾನಿಸಿರಿ, ನೆರೆಯವರಿಗೂ ತೋರಿಸಿರಿ.