ಚಿಕಿತ್ಸೆಗೆ ವಿರಾಮ: ಯಾವಾಗ ಕೂಡದು, ಯಾವಾಗ ಕೂಡುವುದು
(ಸ್ತನ ಕ್ಯಾನ್ಸರಿನ ವಿಷಯದಲ್ಲಿ ರೈತ ಕುಟುಂಬಗಳಿಗೆ ಒಂದು ಪಾಠ)



ಈ ಪತ್ರಿಕೆಯಲ್ಲಿ ನಾನು ಸಾಮಾನ್ಯವಾಗಿ ಬೀಜೋಪಚಾರ, ಗೊಬ್ಬರದ ಗುಂಡಿ, ಮೆಣಸಿನ ಗಿಡದ ಮುರುಟು ರೋಗ ಇಂಥ ವಿಷಯಗಳನ್ನು ಬರೆಯುತ್ತ ಬಂದಿದ್ದೇನೆ. ಈ ಸಲದ ವಿಷಯ ಬೇರೆ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಕಡೆಯ ಹಳ್ಳಿಗಳಲ್ಲಿ ತಿರುಗುವಾಗ ನಾನು ಎರಡು ಬಗೆಯ ಮನೆಗಳನ್ನು ಕಂಡೆನು. ಒಂದು ಮನೆಯಲ್ಲಿ, ಗುಣವಾಗಬಹುದಾಗಿದ್ದ ಹೆಣ್ಣುಮಗಳು ಅರ್ಧಕ್ಕೇ ಚಿಕಿತ್ಸೆ ಬಿಟ್ಟಿದ್ದಳು. ಇನ್ನೊಂದು ಮನೆಯಲ್ಲಿ, ಗುಣವಾಗುವ ಆಸೆ ಉಳಿಯದಿದ್ದ ಹೆಣ್ಣುಮಗಳಿಗೆ ‘ಸ್ವಲ್ಪ ನಿಲ್ಲಿಸಿರಿ’ ಎನ್ನುವುದಕ್ಕೂ ಮನೆಯವರು ಅವಕಾಶ ಕೊಟ್ಟಿರಲಿಲ್ಲ. ಈ ಎರಡನೆಯ ಮನೆ ನನ್ನದೇ. ಎರಡೂ ತಪ್ಪುಗಳು ತಿಳಿವಳಿಕೆ ಇಲ್ಲದ್ದರಿಂದ ಆದವು. ನಾನು ವೈದ್ಯನಲ್ಲ. ವೈದ್ಯರಿಂದ ಕೇಳಿ ತಿಳಿದದ್ದನ್ನೂ ಮನೆಯಲ್ಲಿ ಪೆಟ್ಟು ತಿಂದು ಕಲಿತದ್ದನ್ನೂ ಇಲ್ಲಿ ಹೇಳುತ್ತೇನೆ.

ರೋಗದ ಸ್ವರೂಪ

ನಮ್ಮ ದೇಶದ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಎಂದರೆ ಸ್ತನದ್ದು. ಆದರೆ ಸ್ತನ ಕ್ಯಾನ್ಸರ್ ಎಲ್ಲವೂ ಒಂದೇ ಅಲ್ಲ. ಗಂಟಿನಿಂದ ಸೂಜಿಯ ಮೂಲಕ ಚೂರು ತೆಗೆದು ಪರೀಕ್ಷೆ ಮಾಡುವಾಗ ಮೂರು ಗುರುತುಗಳನ್ನು ನೋಡುತ್ತಾರೆ: ಈಸ್ಟ್ರೋಜನ್, ಪ್ರೊಜೆಸ್ಟರಾನ್, ಹರ್-2. ಮೊದಲೆರಡು ಇದ್ದರೆ ವರ್ಷಗಟ್ಟಲೆ ಗುಳಿಗೆ ಕೊಟ್ಟು ರೋಗವನ್ನು ಹಿಡಿದಿಡಬಹುದು. ಹರ್-2 ಇರುವ ಬಗೆ ಹಿಂದೆ ಬಹಳ ಉಗ್ರವೆಂದು ಹೆಸರಾಗಿತ್ತು. 1998 ರಿಂದ ಟ್ರಾಸ್ಟುಜುಮಾಬ್ ಎಂಬ ಔಷಧ ಬಳಕೆಗೆ ಬಂದ ಮೇಲೆ ಅದರ ಉಗ್ರತೆ ತಗ್ಗಿತು. ಮೂರೂ ಗುರುತುಗಳು ಇಲ್ಲದ ಬಗೆಗೆ ಟ್ರಿಪಲ್ ನೆಗೆಟಿವ್ ಎನ್ನುತ್ತಾರೆ. ಇದು ಚಿಕ್ಕ ವಯಸ್ಸಿನವರಲ್ಲಿ ಹೆಚ್ಚು, ಬೇಗ ಬೆಳೆಯುತ್ತದೆ, ಮರಳಿ ಬಂದರೆ ಬಹುಮಟ್ಟಿಗೆ ಮೊದಲ ಮೂರರಿಂದ ಐದು ವರ್ಷಗಳಲ್ಲೇ ಬರುತ್ತದೆ. ಪಶ್ಚಿಮದ ದೇಶಗಳಿಗಿಂತ ನಮ್ಮಲ್ಲಿ ಇದರ ಪಾಲು ಹೆಚ್ಚು.

ಇನ್ನೊಂದು ಉಗ್ರ ಬಗೆಯಲ್ಲಿ ಗಂಟೇ ಕೈಗೆ ಸಿಗುವುದಿಲ್ಲ. ಎದೆ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು, ಚರ್ಮ ಕಿತ್ತಳೆಯ ಸಿಪ್ಪೆಯಂತೆ ಆಗುತ್ತದೆ. ಬಾವು ಎಂದು ತಿಳಿದು ಪಟ್ಟು ಹಾಕುತ್ತ ಕುಳಿತರೆ ಕಾಲ ಕೈಮೀರುತ್ತದೆ.

ಚಿಕಿತ್ಸೆ ಕೆಲಸ ಮಾಡುವ ಬಗೆ

ಕಿಮೋಥೆರಪಿ ಎಂಬ ಸೂಜಿಮದ್ದು ಬೇಗ ಬೇಗ ಒಡೆದು ಬೆಳೆಯುವ ಕಣಗಳನ್ನು ಕೊಲ್ಲುತ್ತದೆ. ಕ್ಯಾನ್ಸರಿನ ಕಣಗಳು ಹಾಗೆ ಬೆಳೆಯುತ್ತವೆ. ಆದರೆ ಕೂದಲಿನ ಬುಡ, ಬಾಯಿಯ ಒಳಪದರ, ರಕ್ತ ಹುಟ್ಟುವ ಎಲುಬಿನ ಮಜ್ಜೆ ಇವೂ ಹಾಗೆಯೇ ಬೆಳೆಯುವಂಥವು. ಅದಕ್ಕೇ ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ರಕ್ತದ ಬಿಳಿಕಣ ಇಳಿದು ಜ್ವರ ಬರುತ್ತದೆ. ಕೆಲವು ಮದ್ದುಗಳಿಂದ ನರಗಳಿಗೆ ಪೆಟ್ಟಾಗಿ ಕೈಕಾಲ ಬೆರಳು ಜೋಮು ಹಿಡಿಯುತ್ತವೆ. ದೇಹ ಚೇತರಿಸಿಕೊಳ್ಳಲೆಂದೇ ಅನೇಕ ಮದ್ದುಗಳನ್ನು 21 ದಿನಗಳಿಗೊಮ್ಮೆ ಕೊಡುತ್ತಾರೆ. ಅಂದರೆ ಚಿಕಿತ್ಸೆಯಲ್ಲಿಯೇ ಸಣ್ಣ ಸಣ್ಣ ವಿರಾಮಗಳು ಲೆಕ್ಕ ಹಾಕಿ ಸೇರಿವೆ. ರಕ್ತ ಕಡಿಮೆಯಾದಾಗ ಡಾಕ್ಟರರೇ ಒಂದು ವಾರ ಮುಂದೂಡುವುದೂ ಉಂಟು. ಇದಕ್ಕೆ ಅಂಜಬೇಕಾದ್ದಿಲ್ಲ.

ಎಲ್ಲಿ ನಿಲ್ಲಿಸಕೂಡದು

ರೋಗ ಸ್ತನದಲ್ಲಿ ಮತ್ತು ಕಂಕುಳ ಗಂಟುಗಳಲ್ಲಿ ಮಾತ್ರ ಇದ್ದಾಗ ಚಿಕಿತ್ಸೆಯ ಗುರಿ ಗುಣಪಡಿಸುವುದು. ಇಲ್ಲಿ ಸ್ವಂತ ಮನಸ್ಸಿನಿಂದ ವಿರಾಮ ಕೊಡಕೂಡದು. 2020 ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಒಂದು ಸಂಶೋಧನೆಯ ಪ್ರಕಾರ, ಸ್ತನ ಕ್ಯಾನ್ಸರಿನ ಶಸ್ತ್ರಕ್ರಿಯೆ ನಾಲ್ಕು ವಾರ ತಡವಾದರೆ ಮರಣದ ಅಪಾಯ ಸುಮಾರು ಶೇ. 8 ರಷ್ಟು ಏರುತ್ತದೆ.

ನಾನು ಕಂಡ ಮೊದಲ ಮನೆಯಲ್ಲಿ ಆದದ್ದು ಇಷ್ಟೇ. ಎರಡು ಸೂಜಿಗಳಿಗೇ ಗಂಟು ಕರಗಿತು. ‘ರೋಗ ಹೋತು, ಬಿತ್ತಿಗಿ ಮುಗೀಲಿ’ ಎಂದು ಮನೆಯವರು ಹುಬ್ಬಳ್ಳಿಗೆ ಹೋಗುವುದನ್ನು ಬಿಟ್ಟರು. ಕರಿಕಿಯನ್ನು ಮೇಲೆ ಕೊಯ್ದು ಬೇರು ಬಿಟ್ಟರೆ ಹೊಲ ಸ್ವಚ್ಛವಾಯಿತೆಂದು ನಾವು ಯಾರಾದರೂ ಹೇಳುತ್ತೇವೆಯೇ? ಏಳು ತಿಂಗಳ ಮೇಲೆ ರೋಗ ಮರಳಿ ಬಂದಾಗ ಅದು ಎಲುಬಿಗೆ ಇಳಿದಿತ್ತು.

ಹಣಕ್ಕಾಗಿ ನಿಲ್ಲಿಸುವುದೂ ಸಲ್ಲದು. ಅದು ನಿರ್ಧಾರವಲ್ಲ, ನಿರುಪಾಯ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವರೆಗೆ ಚಿಕಿತ್ಸೆಯುಂಟು. ಮೊದಲು ಸರಕಾರಿ ದವಾಖಾನೆಯಲ್ಲಿ ತೋರಿಸಿ ಶಿಫಾರಸು ಪತ್ರ ಪಡೆಯಬೇಕು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ದರದಲ್ಲಿ ರಿಯಾಯಿತಿ ಇದೆ. ಅದಕ್ಕೆ ದವಾಖಾನೆಯ ಪ್ರಮಾಣಪತ್ರ ಬೇಕು. ನಮ್ಮ ಭಾಗದವರಿಗೆ ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಯೂ ವಿದ್ಯಾನಗರದಲ್ಲಿ ಜನರು ಕಿಮ್ಸ್ ಎಂದು ಕರೆಯುವ ಸರಕಾರಿ ದವಾಖಾನೆಯೂ ಇವೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಇದೆ. 2025 ರಲ್ಲಿ ರಾಜ್ಯದ ಕೆಲವು ಜಿಲ್ಲಾ ಆಸ್ಪತ್ರೆಗಳಲ್ಲಿಯೇ ಸೂಜಿಮದ್ದು ಕೊಟ್ಟು ಅದೇ ದಿನ ಮನೆಗೆ ಕಳಿಸುವ ಕೇಂದ್ರಗಳು ತೆರೆದಿವೆ. ಹತ್ತಿರ ಎಲ್ಲಿದೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿರಿ.

ಎಲ್ಲಿ ವಿರಾಮದ ಮಾತು ಬರುತ್ತದೆ

ರೋಗ ಪುಪ್ಪುಸ, ಯಕೃತ್ತು, ಎಲುಬು, ಮಿದುಳು ಇವುಗಳಿಗೆ ಹರಡಿದ ಮೇಲೆ ಚಿಕಿತ್ಸೆಯ ಗುರಿ ಬದಲಾಗುತ್ತದೆ. ಸಾಮಾನ್ಯವಾಗಿ ಆಗ ಬೇರುಸಹಿತ ಕೀಳುವುದು ಆಗದು. ರೋಗವನ್ನು ತಡೆಹಿಡಿದು, ಇರುವ ದಿನಗಳನ್ನು ಹೆಚ್ಚಿಸಿ, ಆ ದಿನಗಳು ಬದುಕಲು ತಕ್ಕವಾಗುವಂತೆ ಮಾಡುವುದೇ ಗುರಿ. ಇಲ್ಲಿ ಒಂದು ತೂಕದ ಪ್ರಶ್ನೆ ಏಳುತ್ತದೆ: ಮದ್ದಿನಿಂದ ಸಿಗುವ ದಿನಗಳೆಷ್ಟು, ಮದ್ದು ಕಸಿದುಕೊಳ್ಳುವ ದಿನಗಳೆಷ್ಟು?

ಸತ್ಯವನ್ನು ಎರಡೂ ಕಡೆಯಿಂದ ಹೇಳಬೇಕು. ಹರಡಿದ ಸ್ತನ ಕ್ಯಾನ್ಸರಿನಲ್ಲಿ ಮದ್ದನ್ನು ಬಿಟ್ಟು ಬಿಟ್ಟು ಕೊಡುವುದಕ್ಕಿಂತ ಬಿಡದೆ ಕೊಟ್ಟರೆ ರೋಗ ಹೆಚ್ಚು ದಿನ ಹಿಡಿತದಲ್ಲಿರುತ್ತದೆ, ಆಯುಷ್ಯದಲ್ಲಿಯೂ ಅಲ್ಪ ಲಾಭ ಇರಬಹುದೆಂದು ಪ್ರಯೋಗಗಳು ತೋರಿಸಿವೆ. ಆದ್ದರಿಂದ ವಿರಾಮಕ್ಕೆ ಬೆಲೆ ಇದೆ. ಇನ್ನೊಂದು ಕಡೆ, ಕೊನೆಯ ತಿಂಗಳುಗಳಲ್ಲಿ ಕೊಟ್ಟ ಕಿಮೋಥೆರಪಿ ರೋಗಿಗಳ ಜೀವನವನ್ನು ಸುಧಾರಿಸಲಿಲ್ಲ, ಅಲ್ಲಿಯವರೆಗೆ ಚೆನ್ನಾಗಿ ಓಡಾಡಿಕೊಂಡಿದ್ದವರನ್ನು ಇನ್ನಷ್ಟು ಕುಗ್ಗಿಸಿತು ಎಂದು 2015 ರಲ್ಲಿ ಅಮೇರಿಕೆಯ ಒಂದು ಅಧ್ಯಯನ ಕಂಡಿತು.

2021-22 ರಲ್ಲಿ ಕಪ್ಪು ಥ್ರಿಪ್ಸ್ ಹುಳ ನಮ್ಮ ಮೆಣಸಿನ ಹೊಲಗಳಿಗೆ ಬಿದ್ದದ್ದು ನಿಮಗೆ ನೆನಪಿರಬಹುದು. ಅಂಜಿದವರು ಎರಡು ದಿನಕ್ಕೊಂದು ಔಷಧ ಹೊಡೆದರು. ಹುಳ ಸಾಯಲಿಲ್ಲ, ಗಿಡ ಸುಟ್ಟಿತು. ಔಷಧ ಹೊಡೆಯುವ ಮೊದಲು ಹೊಲವನ್ನು ನಿಂತು ನೋಡಬೇಕೆಂದು ನಾನೇ ಊರೂರಲ್ಲಿ ಹೇಳಿದೆನು. ಆದರೆ ಈ ಹೋಲಿಕೆಯನ್ನು ಇಲ್ಲಿಗೇ ಬಿಡಬೇಕು. ಗಿಡಕ್ಕೆ ಬಾಯಿಲ್ಲ, ಅದಕ್ಕಾಗಿ ರೈತನೇ ನಿರ್ಧರಿಸಬೇಕು. ಹೆಣ್ಣುಮಗಳಿಗೆ ಬಾಯಿದೆ. ಅವಳನ್ನು ಕೇಳಬೇಕು.

ನಮ್ಮ ಮನೆಯ ಅನುಭವ

ನನ್ನ ಚಿಗವ್ವ ರಾಣೆಬೆನ್ನೂರು ತಾಲ್ಲೂಕಿನವಳು. ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿನ ಕ್ರಾಸಿಂಗ್ ಮಾಡುವುದರಲ್ಲಿ ಅವಳ ಕೈ ಎಲ್ಲರಿಗಿಂತ ಚುರುಕು. 44 ನೆಯ ವಯಸ್ಸಿನಲ್ಲಿ ಎದೆಯಲ್ಲಿ ಗಂಟು ಕಂಡಿತು. ನೋವಿಲ್ಲವೆಂದು ಐದು ತಿಂಗಳು ಯಾರಿಗೂ ಹೇಳಲಿಲ್ಲ. ಪರೀಕ್ಷೆಯಲ್ಲಿ ಮೂರೂ ಗುರುತು ಇಲ್ಲದ ಬಗೆ ಎಂದು ಬಂತು. ಸೂಜಿಮದ್ದು, ಶಸ್ತ್ರಕ್ರಿಯೆ, ಕಿರಣ ಚಿಕಿತ್ಸೆ ಒಂದನ್ನೂ ತಪ್ಪಿಸಲಿಲ್ಲ. ಆದರೂ ಒಂದೂವರೆ ವರ್ಷಕ್ಕೆ ರೋಗ ಪುಪ್ಪುಸದಲ್ಲಿ ಕಾಣಿಸಿತು. ಮತ್ತೆ ಸೂಜಿಮದ್ದು ಶುರುವಾಯಿತು. ಬಾಯಿ ತುಂಬ ಹುಣ್ಣು; ಬೆರಳಿಗೆ ಚಿಮಟ ಹಿಡಿಯುವ ಸ್ಪರ್ಶವೇ ಉಳಿಯಲಿಲ್ಲ.

ಒಂದು ದಿನ ಅವಳು, “ಸ್ವಲ್ಪ ದಿನ ಈ ಸೂಜಿ ಬ್ಯಾಡ” ಎಂದಳು. ಮನೆಯಲ್ಲಿ ಗದ್ದಲವಾಯಿತು. ಮಗ ಎರಡು ಎಕರೆ ಮಾರುತ್ತೇನೆಂದ. ಎಲ್ಲರಿಗಿಂತ ಹೆಚ್ಚು ಗದರಿಸಿದವನು ನಾನೇ. “ಚಿಗವ್ವ, ಧೈರ್ಯಾ ಬಿಡಬ್ಯಾಡ, ನಾವೆಲ್ಲಾ ಇಷ್ಟ ಓಡ್ಯಾಡಾಕತ್ತೀವಿ” ಎಂದೆನು. ನಮ್ಮ ಓಡಾಟದ ಲೆಕ್ಕವನ್ನು ಅವಳ ಮುಂದೆ ಇಟ್ಟದ್ದು ತಪ್ಪೆಂದು ಆಗ ನನಗೆ ಹೊಳೆಯಲಿಲ್ಲ.

ದವಾಖಾನೆಯಲ್ಲಿ ಡಾಕ್ಟರರು ನಮ್ಮೆಲ್ಲರ ಮಾತು ಕೇಳಿ, ಆಮೇಲೆ ನಮ್ಮನ್ನು ಸುಮ್ಮನಿರಿಸಿ, “ಅಮ್ಮಾ, ನಿಮಗ ಏನ ಬೇಕು, ನೀವ ಹೇಳ್ರಿ” ಎಂದರು. ಅವಳೆಂದಳು: “ಸಾಹೇಬರ, ರೊಟ್ಟಿ ತಿಂದು ನಾಕು ತಿಂಗಳಾತು. ಸಾಯೂದು ನನಗ ಗೊತ್ತೈತ್ರಿ. ಮೆಣಸಿನಕಾಯಿ ಕಣಾ ಮುಗಿಯೂತನಕ ನನ್ನ ಮನ್ಯಾಗ ಬಿಡ್ರಿ. ಆಮ್ಯಾಲ ಏನ ಮಾಡೂದು, ಕೂತು ಮಾತಾಡೂಣು.”

ಆ ಮಾತಿನಲ್ಲಿ ಹತಾಶೆ ಇರಲಿಲ್ಲ, ಲೆಕ್ಕ ಇತ್ತು. ಡಾಕ್ಟರರು ಎಂಟು ವಾರಗಳ ವಿರಾಮ ಬರೆದುಕೊಟ್ಟರು. ಮರಳಿ ಬರುವ ತಾರೀಖು, ಎರಡು ವಾರಕ್ಕೊಮ್ಮೆ ತಪಾಸಣೆ, ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು ಎಂಬುದನ್ನೂ ಅದೇ ಚೀಟಿಯಲ್ಲಿ ಬರೆದರು.

ಮೂರನೆಯ ವಾರಕ್ಕೆ ಬಾಯಿಯ ಹುಣ್ಣು ಮಾಯಿತು. ಜೋಳದ ರೊಟ್ಟಿ, ಪುಂಡಿಪಲ್ಯ ಉಂಡಳು. ಬೆರಳ ಜೋಮು ಪೂರಾ ಹೋಗಲಿಲ್ಲ. ಆದರೂ ಕಣದಲ್ಲಿ ಕುಳಿತು ಬಿಳಿಚಿದ ಕಾಯಿಗಳನ್ನು ಆರಿಸಿ ಬೇರೆ ಮಾಡಿಸಿದಳು. ಸೊಸೆಗೆ ಕ್ರಾಸಿಂಗ್ ಕೆಲಸದ ಗುಟ್ಟು ಹೇಳಿಕೊಟ್ಟಳು. ಎಂಟು ವಾರಕ್ಕೆ ತಪಾಸಣೆಯಾದಾಗ ರೋಗ ಬೆಳೆದಿತ್ತು. ಡಾಕ್ಟರರು ಗುಳಿಗೆಯ ರೂಪದ ಮದ್ದು ಹೇಳಿದರು. ಅದನ್ನು ಎರಡು ಸುತ್ತು ತೆಗೆದುಕೊಂಡು, ಉಪಯೋಗ ಕಾಣದಿದ್ದಾಗ, ನೋವಿನ ಔಷಧ ಬಿಟ್ಟು ಉಳಿದದ್ದೆಲ್ಲ ಸಾಕೆಂದಳು. ಮುಂಗಾರು ಬಿತ್ತನೆಯ ಹೊತ್ತಿಗೆ, ಮನೆಯಲ್ಲಿಯೇ ತೀರಿಕೊಂಡಳು.

ವಿರಾಮ ಕೊಟ್ಟದ್ದರಿಂದ ಬೇಗ ಹೋದಳೇ ಎಂದು ನಾನು ಆಮೇಲೆ ಕೇಳಿದೆನು. “ಕೆಲವು ವಾರ ಹೋಗಿರಬಹುದು, ಹೋಗದೆಯೂ ಇರಬಹುದು” ಎಂದರು ಡಾಕ್ಟರರು. ಈ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಆದರೆ ಆ ಎಂಟು ವಾರ ಅವಳವು, ಅವಳು ಕೇಳಿ ಪಡೆದವು ಎಂಬುದು ಸ್ಪಷ್ಟ.

ವಿರಾಮಕ್ಕೆ ಮೊದಲು ಡಾಕ್ಟರರನ್ನು ಕೇಳಬೇಕಾದ ಪ್ರಶ್ನೆಗಳು

1. ಈ ಚಿಕಿತ್ಸೆಯ ಗುರಿ ಗುಣಪಡಿಸುವುದೋ, ತಡೆಹಿಡಿಯುವುದೋ?
2. ಮುಂದುವರಿಸಿದರೆ ಆಗುವ ಲಾಭ ವಾರಗಳದೋ, ತಿಂಗಳುಗಳದೋ, ವರ್ಷಗಳದೋ?
3. ಪೂರಾ ನಿಲ್ಲಿಸುವ ಬದಲು ಪ್ರಮಾಣ ಇಳಿಸಬಹುದೇ? ಮದ್ದು ಬದಲಿಸಬಹುದೇ? ವಾಂತಿ, ಹುಣ್ಣುಗಳಿಗೆ ಇನ್ನೂ ಉಪಾಯ ಉಂಟೇ?
4. ಎಷ್ಟು ವಾರ ನಿಲ್ಲಿಸೋಣ? ಮರಳಿ ಬರುವ ತಾರೀಖು ಯಾವುದು?
5. ವಿರಾಮದ ನಂತರ ಮತ್ತೆ ಶುರುಮಾಡಲು ಬರುತ್ತದೆಯೇ?

ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ರೋಗಿ ಹಾಸಿಗೆಯಲ್ಲಿಯೇ ಇದ್ದರೆ ಅದನ್ನು ತಪ್ಪದೆ ಹೇಳಿರಿ. ಮುಂದಿನ ಮದ್ದನ್ನು ತಾಳಿಕೊಳ್ಳುವ ಶಕ್ತಿ ಇದೆಯೋ ಇಲ್ಲವೋ ಎಂದು ಡಾಕ್ಟರರು ಇದರಿಂದ ಅಳೆಯುತ್ತಾರೆ.

ವಿರಾಮದಲ್ಲಿಯೂ ಬಿಡಬಾರದ ಆರೈಕೆ

ಕ್ಯಾನ್ಸರಿನ ಮದ್ದು ನಿಂತರೂ ಆರೈಕೆ ನಿಲ್ಲಬಾರದು. ನೋವು, ದಮ್ಮು, ಮಲಬದ್ಧತೆ, ನಿದ್ರೆ ಬಾರದಿರುವುದು ಇವುಗಳಿಗೆ ಉಪಶಾಮಕ ಆರೈಕೆ ಎಂಬ ಬೇರೆ ವಿದ್ಯೆಯೇ ಇದೆ. 2010 ರಲ್ಲಿ ಪ್ರಕಟವಾದ ಅಮೇರಿಕೆಯ ಅಧ್ಯಯನವೊಂದರಲ್ಲಿ, ಮೊದಲಿನಿಂದಲೇ ಈ ಆರೈಕೆ ಪಡೆದ ಪುಪ್ಪುಸ ಕ್ಯಾನ್ಸರಿನ ರೋಗಿಗಳು ಹೆಚ್ಚು ನೆಮ್ಮದಿಯಿಂದ ಇದ್ದರು, ಆಯುಷ್ಯವೂ ಸುಮಾರು ಎರಡೂವರೆ ತಿಂಗಳು ಹೆಚ್ಚಾಗಿತ್ತು.

ಮಾರ್ಫೀನ್ ಎಂದರೆ ಅಂಜುವವರಿದ್ದಾರೆ. ಡಾಕ್ಟರರು ಹೇಳಿದ ಪ್ರಮಾಣದಲ್ಲಿ, ಹೇಳಿದ ವೇಳೆಗೆ ಕೊಟ್ಟರೆ ಅದು ಚಟ ಹತ್ತಿಸುವುದಿಲ್ಲ, ಸಾವನ್ನು ಕರೆಯುವುದಿಲ್ಲ. ಅದರ ಜೊತೆಗೆ ಹೊಟ್ಟೆ ಸಡಿಲಾಗುವ ಔಷಧವನ್ನು ಕೇಳಿ ಪಡೆಯಿರಿ. ದವಾಖಾನೆಗಳಿಗೆ ಇದು ಸುಲಭವಾಗಿ ಸಿಗಲೆಂದು 2014 ರಲ್ಲಿ ಕಾಯಿದೆಯನ್ನೇ ತಿದ್ದಿದರು. ಮನೆಯಲ್ಲಿ ನೋಡಿಕೊಳ್ಳಲು ಆಗದವರಿಗೆ ಬೆಂಗಳೂರಿನ ಕರುಣಾಶ್ರಯದಲ್ಲಿ ಉಚಿತ ಆರೈಕೆ ಇದೆ.

ಈ ಲಕ್ಷಣಗಳಿದ್ದರೆ ತಾರೀಖಿಗೆ ಕಾಯದೆ ಹೋಗಬೇಕು: 100.4 ಡಿಗ್ರಿ ಮೀರಿದ ಜ್ವರ, ಏರುವ ದಮ್ಮು, ಕಾಲುಗಳ ಶಕ್ತಿ ಹೋಗುವುದು ಅಥವಾ ಮೂತ್ರ ಕಟ್ಟುವುದು, ಕಣ್ಣು ಹಳದಿಯಾಗುವುದು, ಫಿಟ್ಸ್, ಬಿಡದ ತಲೆನೋವು.

ಮನೆಯವರ ಕರ್ತವ್ಯ

ರೋಗಿಯಿಂದ ರೋಗದ ಸುದ್ದಿಯನ್ನು ಮುಚ್ಚಿಡಬೇಡಿರಿ. ತಿಳಿಯದವಳು ನಿರ್ಧರಿಸುವುದು ಹೇಗೆ? ‘ಧೈರ್ಯವಿಲ್ಲದೆ ಬಿಟ್ಟಳು’ ಎನ್ನಬೇಡಿರಿ. ‘ಗಿಡಮೂಲಿಕೆಯಿಂದ ಪೂರಾ ಗುಣ’ ಎನ್ನುವವರಿಗೆ ವಿರಾಮದ ಹೊತ್ತಿನಲ್ಲಿ ಬಾಗಿಲು ತೆರೆಯಬೇಡಿರಿ. ಅವಳು ಮನಸ್ಸು ಬದಲಿಸಿ ಮತ್ತೆ ಚಿಕಿತ್ಸೆ ಬೇಕೆಂದರೆ ಮರುಮಾತಾಡದೆ ಕರೆದುಕೊಂಡು ಹೋಗಿರಿ. ಓದಬಲ್ಲವರು ಭಾರತಿ ಬಿ.ವಿ. ಅವರ ‘ಸಾಸಿವೆ ತಂದವಳು’ ಪುಸ್ತಕವನ್ನು ಗ್ರಂಥಾಲಯದಲ್ಲಿ ಕೇಳಿರಿ. ಸ್ತನ ಕ್ಯಾನ್ಸರಿನ ಅನುಭವವನ್ನು ಅದರಲ್ಲಿ ಅವರೇ ಬರೆದಿದ್ದಾರೆ.

ಕೊನೆಯದಾಗಿ ತಾಯಂದಿರಿಗೆ ಒಂದು ಮಾತು. ನೋವಿಲ್ಲದ ಗಂಟೂ ಗಂಟೇ. 30 ವರ್ಷ ದಾಟಿದವರು ಆರೋಗ್ಯ ಕೇಂದ್ರದಲ್ಲಿ ಎದೆಯ ತಪಾಸಣೆ ಮಾಡಿಸಿಕೊಳ್ಳಿರಿ. ಬೇಗ ಬಂದರೆ ವಿರಾಮದ ಈ ಕಠಿಣ ಪ್ರಶ್ನೆ ಬಹಳ ಮನೆಗಳಿಗೆ ಬರುವುದೇ ಇಲ್ಲ.

ಸ್ತ್ರೀಶಕ್ತಿ ಸಂಘಗಳಲ್ಲಿ ಚರ್ಚೆಗೆ

1. ಗುಣವಾಗುವ ಹಂತದಲ್ಲಿ ಚಿಕಿತ್ಸೆ ಬಿಡುವುದಕ್ಕೂ ಹರಡಿದ ಮೇಲೆ ವಿರಾಮ ಪಡೆಯುವುದಕ್ಕೂ ವ್ಯತ್ಯಾಸವೇನು?
2. ನಮ್ಮ ಊರಿನಲ್ಲಿ ಹೆಂಗಸರು ಎದೆಯ ಗಂಟನ್ನು ಹೇಳಿಕೊಳ್ಳಲು ಅಡ್ಡಿಯಾಗುವುದು ಯಾವುದು?
3. ಮನೆಯಲ್ಲಿ ರೋಗಿಯ ಮಾತನ್ನು ಮೊದಲು ಕೇಳುವ ರೂಢಿ ಇದೆಯೇ?

— ನಿಮ್ಮ ಗ್ರಾಮಸೇವಕ