ಪಟ್ಟಿ 'ಇಲ್ಲ' ಎಂದಿತು, ಲ್ಯಾಬ್ 'ಇದೆ' ಎಂದಿತು

ಪ್ರಶ್ನೆ: ಅಪ್ಪನಿಗೆ ಲಿವರ್ ಸಿರೋಸಿಸ್. ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಆಸ್ಪತ್ರೆಗೆ ಸೇರಿಸಿದೆವು. ಮಂಚದ ಪಕ್ಕದಲ್ಲೇ ಸೂಜಿ ಹಾಕಿ ನೀರು ತೆಗೆದು, ಪಟ್ಟಿಯೊಂದನ್ನು ಅದ್ದಿ ನೋಡಿ, 'ಸೋಂಕು ಇದ್ದಂತಿಲ್ಲ' ಎಂದರು. ನಾನು ಮನೆಗೆ ಹೋಗಿ ಮಲಗಿದೆ. ರಾತ್ರಿ ಲ್ಯಾಬ್ ವರದಿಯಲ್ಲಿ ಸೋಂಕು ಇದೆ ಎಂದು ಬಂತು. ಪಟ್ಟಿಯನ್ನು ನಂಬಿ ಅಪ್ಪನನ್ನು ಬಿಟ್ಟುಬಂದೆನಲ್ಲ ಎಂಬ ಸಂಕಟ ಹೋಗುತ್ತಿಲ್ಲ.

ಉತ್ತರ: ಬಹಳ ದಿನಗಳ ಮೇಲೆ ಹಗುರಾದ ಮನಸ್ಸು ಅದೇ ರಾತ್ರಿ ಕುಸಿದರೆ ಸಿಟ್ಟು ಬರುವುದು ಸಹಜ. ಆ ಸಿಟ್ಟನ್ನು ನಿಮ್ಮ ಮೇಲೇ ತಿರುಗಿಸಿಕೊಂಡಿದ್ದೀರಿ. ದಣಿದವರು ಮನೆಗೆ ಹೋಗಿ ಮಲಗಿದ್ದು ಅಪ್ಪನನ್ನು ಬಿಟ್ಟುಬಂದಂತೆ ಅಲ್ಲ.

ಅಂದು ಅದ್ದಿ ನೋಡಿದ್ದು ಮೂತ್ರ ಪರೀಕ್ಷೆಗೆ ಬಳಸುವಂಥ ಪಟ್ಟಿಯೇ. ಬಿಳಿ ರಕ್ತಕಣಗಳ ಒಂದು ಕಿಣ್ವ ತಗುಲಿದರೆ ಅದರ ಮೇಲಿನ ಪುಟ್ಟ ಚೌಕ ಒಂದೆರಡು ನಿಮಿಷದಲ್ಲಿ ನೇರಳೆಗೆ ತಿರುಗುತ್ತದೆ. ಲ್ಯಾಬಿನವರು ಕಣಗಳನ್ನೇ ಎಣಿಸುತ್ತಾರೆ. ಒಂದು ಘನ ಮಿಲಿಮೀಟರ್ ನೀರಿನಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು 250 ಮುಟ್ಟಿದರೆ ಚಿಕಿತ್ಸೆ ಶುರು. ಎಣಿಕೆ ಆ ಗಡಿಯ ಆಸುಪಾಸಿನಲ್ಲಿದ್ದಾಗ ಚೌಕಕ್ಕೆ ಬಣ್ಣ ಏರದೇ ಹೋಗಬಹುದು. ಬಣ್ಣ ಬಂದರೆ ಆ್ಯಂಟಿಬಯೋಟಿಕ್ಕನ್ನು ಬೇಗ ಕೊಡಲು ಪಟ್ಟಿ ನೆರವಾಗುತ್ತದೆ, ಬರದಿದ್ದರೆ ವರದಿ ಬರುವ ತನಕ ಏನೂ ತೀರ್ಮಾನವಾಗಿಲ್ಲ ಎಂದೇ ಅರ್ಥ. ಇದನ್ನು ನಿಮಗೆ ಯಾರಾದರೂ ಆಗಲೇ ಬಿಡಿಸಿ ಹೇಳಬೇಕಿತ್ತು. ಆದರೆ ವೈದ್ಯರು ನೀರನ್ನು ಲ್ಯಾಬಿಗೂ ಕಳಿಸಿದ್ದರಿಂದಲೇ ವಿಷಯ ಆ ರಾತ್ರಿಯೇ ತಿಳಿಯಿತು, ಅದನ್ನೂ ನೆನೆಯಿರಿ.

ಈಗ ವೈದ್ಯರ ಹತ್ತಿರ ಐದು ನಿಮಿಷ ಕೇಳಿಕೊಳ್ಳಿ. ಎಣಿಕೆ ಎಷ್ಟಿತ್ತು? ಕಿಡ್ನಿಯ ರಕ್ಷಣೆಗೆ ಆಲ್ಬುಮಿನ್ ಎಂಬ ಪ್ರೋಟೀನ್ ಕೊಡಬೇಕೇ? 48 ಗಂಟೆಯ ನಂತರ ಮತ್ತೆ ನೀರು ತೆಗೆದು ನೋಡುತ್ತೀರಾ? ಈ ಸೋಂಕು ಮರುಕಳಿಸುವ ಸ್ವಭಾವದ್ದು, ಹಾಗಾಗಿ ಮನೆಗೆ ಕಳಿಸುವ ಮುನ್ನ ತಡೆಗಟ್ಟುವ ಮಾತ್ರೆಯ ಬಗ್ಗೆಯೂ ವಿಚಾರಿಸಿ.

ಮನೆಗೆ ಬಂದ ಮೇಲೆ ಜ್ವರ, ಹೊಟ್ಟೆನೋವು, ಮೂತ್ರ ಕಡಿಮೆಯಾಗುವುದು, ಅಪ್ಪ ಮಂಕಾಗಿ ಸಂಬಂಧವಿಲ್ಲದ ಮಾತಾಡುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಕರೆದೊಯ್ಯಿರಿ. 108ಕ್ಕೆ ಕರೆ ಮಾಡಬಹುದು. ಕೆಲವರಲ್ಲಿ ಯಾವ ಲಕ್ಷಣವೂ ಇರುವುದಿಲ್ಲ, ಆದ್ದರಿಂದ ತಪಾಸಣೆ ತಪ್ಪಿಸಬೇಡಿ. ನೋವಿನ ಮಾತ್ರೆಗಳನ್ನು ನೀವಾಗಿಯೇ ಕೊಡಬೇಡಿ.

ಆಸ್ಪತ್ರೆಯ ರಾತ್ರಿಗಳನ್ನು ಮನೆಯ ಇನ್ನೊಬ್ಬರ ಜೊತೆ ಹಂಚಿಕೊಳ್ಳಿ. ನಿದ್ದೆ ಬಾರದೆ ಅದೇ ಯೋಚನೆ ಕಾಡುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.